ಅಲ್ಯೂಮಿನಿಯಂ ಒಳಗಿನ ಸೆರಾಮಿಕ್ ಕಣಗಳು

ಹಗುರವಾದ ರಚನಾ ವಸ್ತುಗಳ ಪೈಕಿ ನನ್ನನ್ನು ಹೆಚ್ಚು ಸೆಳೆಯುವುದು, ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬಲು ಗಟ್ಟಿಯಾದ ಸೆರಾಮಿಕ್ ಆಗಿರುವ ಸಿಲಿಕಾನ್ ಕಾರ್ಬೈಡ್‌ನ ಸೂಕ್ಷ್ಮ ಕಣಗಳನ್ನು ಬೆರೆಸಿ ತಯಾರಿಸುವ ಕಾಂಪೊಸಿಟ್. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ ಇದ್ದರೆ, ಅಲ್ಯೂಮಿನಿಯಂನದು 2.7, ಸಿಲಿಕಾನ್ ಕಾರ್ಬೈಡ್‌ನದು 3.2. ಹೀಗಾಗಿ ಕಣಗಳನ್ನು ಸೇರಿಸಿದರೂ ತೂಕ ಅಷ್ಟೇನೂ ಹೆಚ್ಚುವುದಿಲ್ಲ. ಆದರೆ ಒಟ್ಟು ಗಾತ್ರದಲ್ಲಿ ಐದನೇ ಒಂದು ಭಾಗದಷ್ಟು ಕಣಗಳಿದ್ದರೆ, ವಸ್ತುವಿನ ಬಿಗಿತವನ್ನು ಅಳೆಯುವ ಯಂಗ್ ಗುಣಾಂಕವು 70 ಗಿಗಾಪ್ಯಾಸ್ಕಲ್‌ನಿಂದ ಸುಮಾರು 100ಕ್ಕೆ ಏರುತ್ತದೆ. ಸವೆತವೂ ತಗ್ಗುತ್ತದೆ.

ನಿಜವಾದ ಕಷ್ಟವಿರುವುದು ಲೋಹವೂ ಸೆರಾಮಿಕ್ಕೂ ಕೂಡುವ ಅಂಚಿನಲ್ಲಿ. ಕರಗಿದ ಅಲ್ಯೂಮಿನಿಯಂ ಈ ಕಣಗಳಿಗೆ ಸುಲಭವಾಗಿ ಅಂಟಿಕೊಳ್ಳುವುದಿಲ್ಲ. ಅಂಟಲೆಂದು ಉಷ್ಣತೆಯನ್ನು ಹೆಚ್ಚಿಸಿದರೆ, ಎರಡೂ ವರ್ತಿಸಿ ಅಲ್ಯೂಮಿನಿಯಂ ಕಾರ್ಬೈಡ್ ಉಂಟಾಗುತ್ತದೆ. ಇದು ಸುಲಭವಾಗಿ ಬಿರಿಯುವುದಲ್ಲದೆ ತೇವಾಂಶ ತಗುಲಿದಾಗ ವಿಘಟನೆಗೊಳ್ಳುತ್ತದೆ. ಮಿಶ್ರಲೋಹದಲ್ಲಿ ಸಿಲಿಕಾನ್ ಪ್ರಮಾಣವನ್ನು ಹೆಚ್ಚಿಸಿ ಈ ಕ್ರಿಯೆಯನ್ನು ತಡೆಯುವ ಉಪಾಯ ನನಗೆ ಬಹಳ ಸೊಗಸಾಗಿ ಕಾಣುತ್ತದೆ, ಏಕೆಂದರೆ ಅದು ರೋಗವನ್ನು ಮೂಲದಲ್ಲಿಯೇ ಹಿಡಿಯುತ್ತದೆ.

ಬಿಗಿತ ಹೆಚ್ಚಿದಂತೆ ಬಿರುಕನ್ನು ತಡೆದುಕೊಳ್ಳುವ ಶಕ್ತಿ ಕುಗ್ಗುತ್ತದೆ, ಯಂತ್ರದಲ್ಲಿ ಕೊರೆಯುವುದಕ್ಕೂ ವಜ್ರದ ಮೊನೆಯ ಉಪಕರಣಗಳು ಬೇಕಾಗುತ್ತವೆ. ಆದ್ದರಿಂದ ಇಡೀ ಭಾಗವನ್ನು ಕಾಂಪೊಸಿಟ್‌ನಿಂದಲೇ ಮಾಡುವುದಕ್ಕಿಂತ, 1980ರ ದಶಕದಲ್ಲಿ ಟೊಯೋಟಾ ತನ್ನ ಡೀಸೆಲ್ ಎಂಜಿನ್ನಿನ ಪಿಸ್ಟನ್‌ನಲ್ಲಿ ಮಾಡಿದಂತೆ, ಅತಿಯಾಗಿ ಸವೆಯುವ ರಿಂಗ್ ಕೂರುವ ಜಾಗಕ್ಕೆ ಮಾತ್ರ ಸೆರಾಮಿಕ್ ನಾರುಗಳನ್ನು ಸೇರಿಸುವುದೇ ಹೆಚ್ಚು ವಿವೇಕದ ಮಾರ್ಗವೆಂದು ನನ್ನ ದೃಢವಾದ ನಂಬಿಕೆ.