ಒಬ್ಬರೇ ಓಡಿ ಗೆದ್ದರೆ ಅದು ಗೆಲುವಾ?

400 ಮೀಟರ್ ಓಟದ ಬಗ್ಗೆ ಮಾತು ತೆಗೆದಾಗಲೆಲ್ಲ ನಾನು ಬ್ರಿಟನ್‌ನ ಓಟಗಾರ ವಿಂಡಮ್ ಹಾಲ್ಸ್‌ವೆಲ್ ಕತೆ ಹೇಳುತ್ತೇನೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರು ಒಬ್ಬರೇ ಓಡಿ ಚಿನ್ನ ಪಡೆದರು. ಒಲಿಂಪಿಕ್ಸ್ ಓಟದಲ್ಲಿ ಹಾಗೆ ಎದುರಾಳಿಯೇ ಇಲ್ಲದೆ ಚಿನ್ನ ಪಡೆದವರು ಬೇರೆ ಯಾರೂ ಇಲ್ಲ. ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಎದುರಿಗೆ ಯಾರೂ ಇಲ್ಲ ಅಂದಮೇಲೆ ಅದೆಂಥ ಗೆಲುವು?"

ನನ್ನ ಉತ್ತರ ಇದು. ಆ ದಿನ ಅವರು ಯಾರನ್ನೂ ಸೋಲಿಸಲಿಲ್ಲ, ನಿಜ. ಆದರೆ ಅವರು ಎಂಥ ಓಟಗಾರ ಅಂತ ತಿಳಿಯೋಕೆ ಆ ದಿನವನ್ನು ನೋಡಬಾರದು. ಅದರ ಹಿಂದಿನ ನಾಲ್ಕು ವರ್ಷ ನೋಡಬೇಕು.

ಹಾಲ್ಸ್‌ವೆಲ್ ಹುಟ್ಟಿದ್ದು 1882ರಲ್ಲಿ, ಲಂಡನ್‌ನಲ್ಲಿ. ತಂದೆ ಕೀಲಿ ಹಾಲ್ಸ್‌ವೆಲ್ ಚಿತ್ರಕಾರರು. ಮಗ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ಓದಿ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂಬ ಸ್ಕಾಟಿಷ್ ರೆಜಿಮೆಂಟ್ ಸೇರಿದರು. ಬೋಯರ್ ಯುದ್ಧದ ಹೊತ್ತಿಗೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ಈ ಹುಡುಗನ ಕಾಲಲ್ಲಿ ಏನೋ ಇದೆ ಅಂತ ಗುರುತಿಸಿದ್ದು ಸೈನ್ಯದಲ್ಲೇ ಇದ್ದ ಜಿಮ್ಮಿ ಕರನ್ ಎಂಬ ಓಟಗಾರ. ಊರಿಗೆ ಮರಳಿದ ಮೇಲೆ ಹಾಲ್ಸ್‌ವೆಲ್ ಓಟವನ್ನು ಗಟ್ಟಿಯಾಗಿ ಹಿಡಿದುಕೊಂಡರು. 1904ರಲ್ಲಿ ಸೈನ್ಯದ ಅರ್ಧ ಮೈಲಿ ಪ್ರಶಸ್ತಿ ಗೆದ್ದರು. 1906ರಲ್ಲಿ ಅಥೆನ್ಸ್‌ನ ಕ್ರೀಡಾಕೂಟದಲ್ಲಿ 400 ಮೀಟರ್‌ಗೆ ಬೆಳ್ಳಿ, 800 ಮೀಟರ್‌ಗೆ ಕಂಚು ಬಂತು.

ಅದೇ ವರ್ಷದ ಇನ್ನೊಂದು ದಿನ ನನಗೆ ಎಲ್ಲಕ್ಕಿಂತ ಇಷ್ಟ. ಎಡಿನ್‌ಬರೋದ ಪೌಡರ್‌ಹಾಲ್ ಮೈದಾನದಲ್ಲಿ ಸ್ಕಾಟಿಷ್ ಚಾಂಪಿಯನ್‌ಶಿಪ್ ನಡೆಯುತ್ತಿತ್ತು. ಹಾಲ್ಸ್‌ವೆಲ್ 100, 220, 440, 880 ಗಜ, ನಾಲ್ಕೂ ಓಟ ಗೆದ್ದರು. ಒಂದೇ ಮಧ್ಯಾಹ್ನದಲ್ಲಿ! ನೂರು ಗಜಕ್ಕೆ ಬೇಕಾದ ಸಿಡಿತವೇ ಬೇರೆ, 880 ಗಜಕ್ಕೆ, ಅಂದರೆ ಅರ್ಧ ಮೈಲಿಗೆ, ಬೇಕಾದ ಉಸಿರೇ ಬೇರೆ. ಓಡಿದವರಿಗೆ ಗೊತ್ತಿರುತ್ತದೆ, ಒಂದು 400 ಮೀಟರ್ ಮುಗಿಸಿದರೆ ಕಾಲು ಕಲ್ಲಾಗಿರುತ್ತದೆ. ಅವರು ಮತ್ತೆ ಮತ್ತೆ ಗೆರೆಗೆ ಬಂದು ನಿಂತರು.

ಈಗ ಲಂಡನ್‌ಗೆ ಬರೋಣ. ಒಲಿಂಪಿಕ್ಸ್‌ನ ಹಿಂದಿನ ಸುತ್ತಿನಲ್ಲಿ ಅವರು 48.4 ಸೆಕೆಂಡ್‌ನಲ್ಲಿ ಓಡಿ ಹೊಸ ಒಲಿಂಪಿಕ್ ದಾಖಲೆ ಮಾಡಿದ್ದರು. ಫೈನಲ್ ಜುಲೈ 23ಕ್ಕೆ, ವೈಟ್ ಸಿಟಿ ಮೈದಾನದಲ್ಲಿ. ಇದ್ದವರು ನಾಲ್ಕೇ ಜನ. ಹಾಲ್ಸ್‌ವೆಲ್ ಒಬ್ಬರು, ಉಳಿದ ಮೂವರು ಅಮೆರಿಕದವರು: ಕಾರ್ಪೆಂಟರ್, ರಾಬಿನ್ಸ್, ಟೇಲರ್. ಶಾಲೆಯ ಕ್ರೀಡಾಕೂಟಕ್ಕೂ ಹಿಂದಿನ ಸಂಜೆ ಸುಣ್ಣದ ಪುಡಿಯಲ್ಲಿ ಲೇನ್ ಎಳೆಯುತ್ತೇವೆ ಅಲ್ವಾ? ಅಲ್ಲಿ ಆ ಗೆರೆಗಳೇ ಇರಲಿಲ್ಲ. ಎಲ್ಲರೂ ಎಲ್ಲಿ ಬೇಕಾದರೂ ಓಡಬಹುದಿತ್ತು.

ಹಾಲ್ಸ್‌ವೆಲ್ ಕೊನೆಯ ತಿರುವಿನವರೆಗೆ ಶಕ್ತಿ ಉಳಿಸಿಕೊಂಡರು. ತಿರುವು ಮುಗಿಯುತ್ತಲೇ, ಮುಂದೆ ಓಡುತ್ತಿದ್ದ ಕಾರ್ಪೆಂಟರ್‌ರನ್ನು ಹೊರಗಿನಿಂದ ದಾಟಲು ಹೋದರು. ಕಾರ್ಪೆಂಟರ್ ಓಡುತ್ತಲೇ ಹೊರಕ್ಕೆ ಸರಿದರು. ಇವರು ಇನ್ನೂ ಹೊರಕ್ಕೆ ಹೋದರು, ಅವರೂ ಸರಿದರು. ಹೀಗೇ ಸರಿಯುತ್ತಾ ಹಾಲ್ಸ್‌ವೆಲ್ ಟ್ರ್ಯಾಕಿನ ಹೊರಗಿನ ಅಂಚಿಗೇ ಬಂದುಬಿಟ್ಟರು. ಪಕ್ಕದಲ್ಲಿದ್ದ ತೀರ್ಪುಗಾರರು ಫೌಲ್ ಅಂತ ಕೂಗಿದರು. ಕಾರ್ಪೆಂಟರ್ ಗುರಿ ಮುಟ್ಟುವ ಮೊದಲೇ ಟೇಪ್ ತೆಗೆದುಬಿಟ್ಟಿದ್ದರು.

ಕಾರ್ಪೆಂಟರ್ ಮೋಸಗಾರ ಅಂತ ನಾನು ಹೇಳೋದಿಲ್ಲ. ಎದುರಾಳಿಯ ದಾರಿಗೆ ಅಡ್ಡ ಬರುವ ವಿಷಯದಲ್ಲಿ ಅಮೆರಿಕದ ನಿಯಮ ಅಷ್ಟು ಬಿಗಿ ಇರಲಿಲ್ಲ. ಆದರೆ ಕೂಟ ನಡೆದದ್ದು ಬ್ರಿಟಿಷ್ ನಿಯಮದಂತೆ, ಅದರಲ್ಲಿ ಅಡ್ಡ ಬರೋದು ತಪ್ಪು. ಆಮೇಲೆ ಹಾಲ್ಸ್‌ವೆಲ್ ಪತ್ರಿಕೆಗೆ ಬರೆದದ್ದು ನನ್ನ ಮನಸ್ಸಿಗೆ ತಟ್ಟಿದೆ. ತನ್ನನ್ನು ಟ್ರ್ಯಾಕಿನ ಮೂರನೇ ಎರಡು ಭಾಗದಷ್ಟು ಅಗಲಕ್ಕೆ ತಳ್ಳಿಕೊಂಡು ಹೋದರು ಅಂತ ಅವರು ಸ್ಪಷ್ಟವಾಗಿ ಹೇಳಿದರು. ಆದರೆ ಕಾರ್ಪೆಂಟರ್ ಮೊಣಕೈಯಿಂದ ಜೋರಾಗಿ ಹೊಡೆದರು, ಎದೆ ಮೇಲೆ ಗುರುತು ಬಿದ್ದಿತ್ತು ಅನ್ನುವ ಸುದ್ದಿ ಹಬ್ಬಿತ್ತಲ್ಲ, ಅದು ಸುಳ್ಳು ಅಂತಲೂ ಅವರೇ ಬರೆದರು. ಸುಮ್ನೆ ಇದ್ದಿದ್ದರೆ ಎಲ್ಲರ ಕರುಣೆ ಅವರಿಗೇ ಸಿಗುತ್ತಿತ್ತು.

ಕಾರ್ಪೆಂಟರ್ ಅನರ್ಹರಾದರು. ಉಳಿದ ಮೂವರಿಗೆ ಎರಡು ದಿನ ಬಿಟ್ಟು ಮತ್ತೆ ಓಟ ಅಂತಾಯಿತು. ಈ ಸಲ ದಾರ ಕಟ್ಟಿ ಲೇನ್ ಮಾಡಿದರು. ತೀರ್ಪು ಒಪ್ಪದ ಅಮೆರಿಕದ ಕಡೆಯವರು ಬರಲೇ ಇಲ್ಲ. ಹಾಲ್ಸ್‌ವೆಲ್‌ಗೂ ಮನಸ್ಸಿರಲಿಲ್ಲ. ಆದರೂ ಓಡಿದರು, ಸುಮಾರು 50 ಸೆಕೆಂಡ್‌ನಲ್ಲಿ. ಅವರ ಅತ್ಯುತ್ತಮ ಓಟಕ್ಕಿಂತ ಒಂದೂವರೆ ಸೆಕೆಂಡಿಗೂ ಸ್ವಲ್ಪ ಜಾಸ್ತಿ ನಿಧಾನ. ಪಕ್ಕದಲ್ಲಿ ಇನ್ನೊಬ್ಬರ ಹೆಜ್ಜೆ ಸದ್ದೇ ಇಲ್ಲದಿರುವಾಗ ಓಡೋದು ಎಷ್ಟು ಕಷ್ಟ ಅಂತ ಯೋಚಿಸಿ.

1912ರಲ್ಲಿ ಅಥ್ಲೆಟಿಕ್ಸ್‌ಗೆ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಎಲ್ಲ ದೇಶಕ್ಕೂ ಒಂದೇ ನಿಯಮ ಬೇಕು ಅನ್ನೋದನ್ನು ಈ ಜಗಳ ಎಲ್ಲರ ಕಣ್ಣಿಗೆ ಹಿಡಿದು ತೋರಿಸಿತ್ತು. ಆದರೆ ಹಾಲ್ಸ್‌ವೆಲ್ ಅಷ್ಟರಲ್ಲಿ ದೂರ ಸರಿದಿದ್ದರು. ಆ ಒಲಿಂಪಿಕ್ಸ್ ಆದ ಸ್ವಲ್ಪ ದಿನಕ್ಕೇ, 26ನೇ ವಯಸ್ಸಿನಲ್ಲಿ, ಓಟ ಬಿಟ್ಟರು. ಇನ್ನೂ ಎಷ್ಟು ಓಡಬಹುದಿತ್ತೋ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಮೊದಲ ಮಹಾಯುದ್ಧ ಬಂದಾಗ ಅವರು ಕ್ಯಾಪ್ಟನ್. ಅವರ ಬೆಟಾಲಿಯನ್ ಭಾರತೀಯ ಸೇನೆಯ ಲಾಹೋರ್ ಡಿವಿಷನ್ ಜೊತೆ ಫ್ರಾನ್ಸ್‌ನಲ್ಲಿತ್ತು. 1915ರ ಮಾರ್ಚ್‌ನಲ್ಲಿ ನವ್ ಶಾಪೆಲ್ ಎಂಬ ಹಳ್ಳಿಗಾಗಿ ದೊಡ್ಡ ಕಾಳಗ ನಡೆಯಿತು. ನಮ್ಮ ದೇಶದ ಸಾವಿರಾರು ಸೈನಿಕರು ಅದರಲ್ಲಿ ಹೋರಾಡಿದರು. ಅಲ್ಲಿ ಈಗಿರುವ ಸ್ಮಾರಕದಲ್ಲಿ 4,700ಕ್ಕೂ ಜಾಸ್ತಿ ಭಾರತೀಯರ ಹೆಸರುಗಳಿವೆ.

ಕಾಳಗ ನಿಂತು ಎರಡು ವಾರ ಆಗಿತ್ತು. ಮಾರ್ಚ್ 31ರಂದು ಗಾಯಗೊಂಡು ಬಿದ್ದಿದ್ದ ಇನ್ನೊಬ್ಬ ಅಧಿಕಾರಿಯನ್ನು ಎತ್ತಿಕೊಂಡು ಬರಲು ಹಾಲ್ಸ್‌ವೆಲ್ ಹೋದರು. ಮರೆಯಲ್ಲಿ ಕೂತಿದ್ದ ಬಂದೂಕುಗಾರನ ಗುಂಡು ತಗುಲಿ ತೀರಿಕೊಂಡರು. ಅವರಿಗೆ ಆಗ 32 ವರ್ಷ.