ಸರ್ವರ್ ಪಾಠಗಳನ್ನು ಆರಿಸಿಕೊಳ್ಳುವ ಬಗೆ

ಪುಣೆಯ ಹಿಂಜವಡಿಯಲ್ಲಿ ಕೆಲಸ ಹುಡುಕುತ್ತಿರುವ ನಮ್ಮ ಕಡೆಯ ಹುಡುಗರು ಸರ್ವರ್ ಪ್ರೋಗ್ರಾಮಿಂಗ್ ಕಲಿಯಲು ಒಳ್ಳೆಯ ಪಾಠ ಯಾವುದೆಂದು ಕೇಳಿದಾಗ, ಅದು ಮಾಹಿತಿಯನ್ನು ಕೂಡಿಡುವ ಡೇಟಾಬೇಸನ್ನು ಹೇಗೆ ಮಾತಾಡಿಸುತ್ತದೆ ಎಂಬುದನ್ನು ಮೊದಲು ನೋಡಿ ಎನ್ನುತ್ತೇನೆ. ಪಿಎಚ್‌ಪಿ ಎಂಬ ಸರ್ವರ್ ಭಾಷೆಯ ಪಾಠದಲ್ಲಿ, ಡೇಟಾಬೇಸಿಗೆ ಆದೇಶ ಕಳಿಸುವ ಮೈಎಸ್‌ಕ್ಯುಎಲ್_ಕ್ವೆರಿ ಎಂಬ ಫಂಕ್ಷನ್ ಕಂಡರೆ ಆ ಪಾಠವನ್ನು ಅಲ್ಲಿಗೇ ಬಿಡಬಹುದು. 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಆ ಫಂಕ್ಷನ್ನನ್ನು ತೆಗೆದುಹಾಕಲಾಗಿದೆ. ಫಾರ್ಮಿನಲ್ಲಿ ತುಂಬಿದ ಹೆಸರನ್ನು ಹಾಗೆಯೇ ಎಸ್‌ಕ್ಯುಎಲ್ (ಡೇಟಾಬೇಸಿಗೆ ಆದೇಶ ಕೊಡುವ ಭಾಷೆ) ವಾಕ್ಯದೊಳಗೆ ಸೇರಿಸಿ ತೋರಿಸುವ ಪಾಠವಂತೂ, ವಿವರಣೆ ಎಷ್ಟೇ ಸೊಗಸಾಗಿದ್ದರೂ, ಹೆಸರಿನ ಜಾಗದಲ್ಲಿ ಯಾರಾದರೂ ಒಂದು ಉದ್ಧರಣ ಚಿಹ್ನೆಯ ಜೊತೆ ತಮ್ಮದೇ ಆದೇಶವನ್ನು ಬರೆದು ಇಡೀ ಟೇಬಲ್ಲನ್ನು ಓದಿಕೊಳ್ಳಲು ದಾರಿ ಮಾಡಿಕೊಡುತ್ತದೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ ವಾಕ್ಯವನ್ನೂ ಮೌಲ್ಯವನ್ನೂ ಬೇರೆಬೇರೆಯಾಗಿ ಕಳಿಸುವುದನ್ನು ಆರಂಭದಿಂದಲೇ ರೂಢಿ ಮಾಡಿಸುವ ಪಾಠವನ್ನು ನಂಬಬಹುದು.

ಉಚಿತವಾಗಿ ಸಿಗುವವುಗಳಲ್ಲಿ ಎಂಡಿಎನ್ ಎಂಬ ವೆಬ್ ಕಲಿಕೆಯ ತಾಣದ ಸರ್ವರ್ ವಿಭಾಗವೂ, ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟಲು ನೆರವಾಗುವ ಜ್ಯಾಂಗೋದ ಅಧಿಕೃತ ಟ್ಯುಟೋರಿಯಲ್ಲೂ ನನಗೆ ಮೆಚ್ಚು. ಎರಡನೆಯದು ಒಂದು ಪುಟ್ಟ ಮತದಾನದ ಆ್ಯಪನ್ನು ಹಂತಹಂತವಾಗಿ ಕಟ್ಟಿಸುತ್ತ, ಹೆಚ್ಚಿನ ಪಾಠಗಳು ಹಾರಿಸಿಬಿಡುವ, ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಬರೆಯುವ ಕೆಲಸವನ್ನೂ ಹೇಳಿಕೊಡುತ್ತದೆ. ಸಾವಿರಾರು ರೂಪಾಯಿ ಶುಲ್ಕ ಕಟ್ಟಿ ಕ್ಲಾಸಿಗೆ ಸೇರುವ ಮೊದಲು ಇದನ್ನು ಮುಗಿಸು ಎಂದು ಅಕ್ಕನ ಮಗನಿಗೂ ಹೇಳಿದ್ದೇನೆ. ಸದ್ಯ ಅವನು ಮೂರನೆಯ ಭಾಗದಲ್ಲಿ ಯುಆರ್‌ಎಲ್‌ಗಳನ್ನು ವ್ಯೂಗಳಿಗೆ, ಅಂದರೆ ಆ ವಿಳಾಸಕ್ಕೆ ಬಂದ ಕೋರಿಕೆಗೆ ಉತ್ತರ ಕೊಡುವ ಫಂಕ್ಷನ್‌ಗಳಿಗೆ, ಜೋಡಿಸುತ್ತಿದ್ದಾನೆ.