ಬಾ, ಕಪಾಟಿನ ಹತ್ರ ಹೋಗಿ ನೋಡುವ

ಎಸ್. ಆರ್. ರಂಗನಾಥನ್ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಮೇಷ್ಟ್ರಾಗಿ ಬಂದಿದ್ದರು. ಅಂದರೆ ನಮ್ಮದೇ ಹಂಪನಕಟ್ಟೆಯ ಕಾಲೇಜಿಗೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಕರೆಯುವುದು ಇವರನ್ನೇ. ಬಿಎಗೆ ಸೇರಿದಾಗ ನನಗೆ ಈ ವಿಷಯ ಗೊತ್ತಿರಲಿಲ್ಲ. ಗ್ರಂಥಾಲಯ ವಿಜ್ಞಾನ ಅಂತ ಒಂದು ಓದು ಇದೆ ಎನ್ನುವುದೂ ಗೊತ್ತಿರಲಿಲ್ಲ. ಎರಡನ್ನೂ ಹೇಳಿಕೊಟ್ಟವರು ನಮ್ಮ ಲೈಬ್ರರಿ ಸರ್.

ಸರ್ ಹೇಗಿದ್ದರು ಎಂದು ನನ್ನ ಬ್ಯಾಚಿನವರಿಗೆ ಹೇಳಬೇಕಾಗಿಲ್ಲ. ಹಣೆಯಲ್ಲಿ ಗಂಧ, ಕಿಸೆಯಲ್ಲಿ ನೀಲಿ ಪೆನ್ನು, ಕೆಂಪು ಪೆನ್ನು. ಮಾತು ಕಡಿಮೆ. ನಾನು ಕಾರ್ಕಳ ಕಡೆಯವಳು. ಮನೆಯಲ್ಲಿ ಕೊಂಕಣಿ, ಹೊರಗೆ ತುಳು, ಶಾಲೆಯಲ್ಲಿ ಕನ್ನಡ. ದಪ್ಪ ಇಂಗ್ಲಿಷ್ ಪುಸ್ತಕ ನೋಡಿದರೆ ಕೈ ಹಿಂದೆ ಹೋಗುತ್ತಿತ್ತು. ಚರಿತ್ರೆಯ ಸೆಮಿನಾರಿಗೆ ಪೋರ್ಚುಗೀಸರ ಕಾಲದ ಕರಾವಳಿ ಎಂಬ ವಿಷಯ ಸಿಕ್ಕಿತ್ತು. ಇಶ್ಯೂ ಕೌಂಟರಿನ ತನಕ ಹೋಗಿ, ಏನು ಕೇಳಬೇಕೆಂದು ತಿಳಿಯದೆ ವಾಪಸ್ ತಿರುಗಿದ್ದೆ.

"ಎಂತ ಹುಡುಕ್ತಾ ಇದ್ದೀ ಮಾರಾಯ್ತಿ?" ಅಂತ ಸರ್ ಕೇಳಿದರು. ಪುಸ್ತಕದ ಹೆಸರು ಗೊತ್ತಿಲ್ಲ ಸರ್, ವಿಷಯ ಮಾತ್ರ ಗೊತ್ತು ಎಂದೆ. "ಅಷ್ಟು ಸಾಕು. ಬಾ, ಕಪಾಟಿನ ಹತ್ರ ಹೋಗಿ ನೋಡುವ" ಎಂದು ಕುರ್ಚಿಯಿಂದ ಎದ್ದರು. ಲೈಬ್ರರಿಯಲ್ಲಿ ಪ್ರತಿ ವಿಷಯಕ್ಕೂ ಒಂದು ನಂಬರು ಇರುತ್ತದೆ. 954ರ ಸಾಲಿನಲ್ಲಿ ಭಾರತದ ಚರಿತ್ರೆ ತೋರಿಸಿದರು. ಅಕ್ಕಿ, ಕಾಳುಮೆಣಸಿನ ವ್ಯಾಪಾರದ ಬಗ್ಗೆ ಬೇಕಾದರೆ 380ರ ಕಡೆಯೂ ನೋಡಬೇಕು ಎಂದರು. ಒಂದು ಪುಸ್ತಕ ತೆಗೆದು, ಹಿಂದಿನ ಪುಟಗಳ ಸೂಚಿ ತೆರೆದು, 'ಬಸ್ರೂರು' ಹುಡುಕುವುದು ಹೇಗೆಂದು ಕಲಿಸಿದರು. ಅಷ್ಟರಲ್ಲಿ ಕೌಂಟರಿನ ಮುಂದೆ ಸಾಲು ಬೆಳೆದಿತ್ತು. ಅವರು ಅವಸರ ಮಾಡಲಿಲ್ಲ.

ಎಲ್ಲರಿಗೂ ಹೀಗೇ ಮಾಡುತ್ತಿದ್ದರು. ಪುತ್ತೂರಿನಿಂದ ಬೆಳಗ್ಗೆ ಬಸ್ಸು ಹಿಡಿದು ಬರುವವನಿಗೂ ಅದೇ, ರ‍್ಯಾಂಕ್ ಬರುವ ಹುಡುಗಿಗೂ ಅದೇ. 'ಆ ಕಡೆ ಇದೆ, ಹೋಗಿ ನೋಡು' ಎಂದು ಬೆರಳು ತೋರಿಸಿದ್ದನ್ನು ನಾನು ನೋಡಿಲ್ಲ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎನ್ನುವುದು ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಎಂಎಲ್‌ಐಎಸ್ಸಿ ಓದುವಾಗ ಅದನ್ನು ಪರೀಕ್ಷೆಗೆ ಬರೆದೆ. ಆದರೆ ಕಲಿತದ್ದು ಹಂಪನಕಟ್ಟೆಯಲ್ಲಿ.

ಸರ್ ಒಮ್ಮೆ ನನ್ನನ್ನು ಬಲ್ಮಠಕ್ಕೂ ಕಳಿಸಿದ್ದರು. ಅಲ್ಲಿನ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆಯ ಹಳೆಯ ದಾಖಲೆಗಳಿವೆ. 1843ರಲ್ಲಿ ಅದೇ ಮಿಷನ್ನಿನ ಮೋಗ್ಲಿಂಗ್ ಶುರು ಮಾಡಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಮಂಗಳೂರಿನಲ್ಲೇ. ನಾವು ಕಥೋಲಿಕರು, ಅವರು ಪ್ರೊಟೆಸ್ಟಂಟರು. ಆದರೂ ಆ ದಿನ ನನಗೆ ತುಂಬಾ ಹೆಮ್ಮೆಯಾಯಿತು. ದೇವರ ಹೆಸರಿನಲ್ಲಿ ದೂರದಿಂದ ಬಂದವರು ಇಲ್ಲಿನ ಜನರ ಮಾತನ್ನು ಒಂದೊಂದಾಗಿ ಕೂಡಿಸಿ, ಅಕಾರಾದಿಯಾಗಿ ಜೋಡಿಸಿ ಇಟ್ಟಿದ್ದಾರೆ. ಇದೂ ಒಂದು ಸೇವೆ ಅಲ್ವಾ ಅನ್ನಿಸಿತು.

ಕೆಲಸ ಸಿಕ್ಕಿದ್ದು ಉಡುಪಿ ಕಡೆಯ ಒಂದು ಕಾಲೇಜಿನಲ್ಲಿ. ಮೊದಲ ವರ್ಷ ಕಷ್ಟವಾಗಿತ್ತು. ಕಾಲೇಜಿಗೆ ಒಬ್ಬರೇ ಲೈಬ್ರರಿಯನ್. ಸ್ಟಾಫ್ ರೂಮಿನವರ ಜೊತೆಗೂ ಸೇರಿದ ಹಾಗಿಲ್ಲ, ಆಫೀಸಿನವರ ಜೊತೆಗೂ ಸೇರಿದ ಹಾಗಿಲ್ಲ. "ನಿಮಗೇನು ಮೇಡಂ, ಸುಮ್ನೆ ಓದ್ಕೊಂಡು ಕೂತ್ಕೊಳ್ಳೋ ಕೆಲಸ" ಎನ್ನುವವರೇ ಜಾಸ್ತಿ. ಹೊಸ ಪುಸ್ತಕ ದಾಖಲಿಸುವ ಅಕ್ಸೆಷನ್ ರಿಜಿಸ್ಟರ್, ಸ್ಟಾಕ್ ವೆರಿಫಿಕೇಶನ್, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಬೇಕಾದ ಕಡತ, ನೋ ಡ್ಯೂ ಸಹಿ. ಇದಕ್ಕಾ ದೇವರು ನನ್ನನ್ನು ಕರೆದದ್ದು ಎಂದು ಕೇಳಿಕೊಳ್ಳುತ್ತಿದ್ದೆ.

ಸರ್‌ಗೆ ಫೋನ್ ಮಾಡಿದೆ. ಅವರು ರಂಗನಾಥನ್ ಕಥೆ ಹೇಳಿದರು. 1924ರಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ, ಆ ಒಂಟಿತನ ತಡೆಯದೆ ಕೆಲವೇ ದಿನಗಳಲ್ಲಿ ಪಾಠದ ಕೆಲಸಕ್ಕೇ ವಾಪಸ್ ಕಳಿಸಿ ಎಂದು ಕೇಳಿಕೊಂಡಿದ್ದರಂತೆ. ಲಂಡನ್ನಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡವಾದರೆ ಬಿಡಿ ಎಂದರು ಮೇಲಿನವರು. ಅಲ್ಲಿನ ಲೈಬ್ರರಿಗಳಿಗೆ ಎಲ್ಲ ಬಗೆಯ ಜನ ಬಂದು ಓದುವುದನ್ನು ನೋಡಿದ ಮೇಲೆ ಅವರು ಈ ಕೆಲಸ ಬಿಡಲಿಲ್ಲ. "ನೀನೂ ಕೌಂಟರ್ ಬಿಟ್ಟು ಏಳು. ಮಕ್ಕಳ ಜೊತೆ ನಡಿ" ಎಂದರು ಸರ್.

ಆ ವರ್ಷ ಅತ್ತೂರು ಚರ್ಚಿನ ವಾರ್ಷಿಕ ಹಬ್ಬವಾದ ಸಾಂತ್‌ಮಾರಿಗೆ ಹೋದಾಗ ಸಂತ ಲಾರೆನ್ಸರ ಮುಂದೆ ಮೊಂಬತ್ತಿ ಹಚ್ಚಿ ಜಾಸ್ತಿ ಹೊತ್ತು ನಿಂತೆ. ಚಿಕ್ಕಂದಿನಿಂದ ನೋಡಿದ ಸಂತರು. ಅವರು ಲೈಬ್ರರಿಯನ್ನರ ಪಾಲಕ ಸಂತರೂ ಹೌದು ಎಂದು ಗೊತ್ತಾದದ್ದು ಈ ಕೆಲಸಕ್ಕೆ ಬಂದ ಮೇಲೆ. ರೋಮಿನ ಕ್ರೈಸ್ತ ಸಭೆಯ ಸಂಪತ್ತನ್ನು, ದಾಖಲೆಗಳನ್ನು ಅವರು ನೋಡಿಕೊಳ್ಳುತ್ತಿದ್ದರು ಎನ್ನುತ್ತದೆ ಪರಂಪರೆ. 258ರಲ್ಲಿ, ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, ಆ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಆಜ್ಞೆಯಾಯಿತು. ಲಾರೆನ್ಸ್ ಊರಿನ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆದುಕೊಂಡು ಹೋಗಿ, ಇವರೇ ಸಭೆಯ ಸಂಪತ್ತು ಎಂದರಂತೆ. ಅದಕ್ಕಾಗಿ ಪ್ರಾಣ ಕೊಟ್ಟರು. ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ ಕಥೆ. ಆ ಸಲ ಮಾತ್ರ ನನ್ನ ಲೈಬ್ರರಿಯ ಮಕ್ಕಳು ಕಣ್ಣ ಮುಂದೆ ಬಂದರು. ನಾನು ಎಣಿಸುತ್ತಿದ್ದದ್ದು ಪುಸ್ತಕಗಳನ್ನು. ಅವರು ತೋರಿಸಿದ್ದು ಜನರನ್ನು. ಅಂದಹಾಗೆ, ಅವರ ಸ್ಮರಣೆಯ ದಿನ ಆಗಸ್ಟ್ 10. ರಂಗನಾಥನ್ ಹೆಸರಿನ ಗ್ರಂಥಪಾಲಕರ ದಿನ ಆಗಸ್ಟ್ 12. ನಾನು ಎರಡು ದಿನವೂ ಪೂಜೆಗೆ ಹೋಗಿ ಬಂದೇ ಕೆಲಸ ಶುರು ಮಾಡುತ್ತೇನೆ.

ಕ್ರೈಸ್ತಳಾಗಿ ಈ ಕುರ್ಚಿಯಲ್ಲಿ ಕೂತವರಿಗೆ ಇನ್ನೊಂದು ಜವಾಬ್ದಾರಿ ಇದೆ. ಪುಸ್ತಕಗಳಿಗೆ ವಿಷಯವಾರು ನಂಬರು ಕೊಡಲು ನಾವು ಬಳಸುವ ಡ್ಯೂಯಿ ಪದ್ಧತಿ 1876ರದ್ದು. ಅದರಲ್ಲಿ ಧರ್ಮಕ್ಕೆ ಇರುವ 200ರ ವರ್ಗದಲ್ಲಿ 220ರಿಂದ 280ರ ತನಕ ಬೈಬಲ್ ಮತ್ತು ಕ್ರೈಸ್ತ ಧರ್ಮ. ಉಳಿದ ಎಲ್ಲ ಧರ್ಮಗಳನ್ನೂ 290ರಲ್ಲಿ ಒತ್ತೊತ್ತಾಗಿ ಕೂರಿಸಲಾಗಿದೆ. ಹಿಂದೂ ಧರ್ಮ 294.5, ಜೈನ ಧರ್ಮ 294.4, ಇಸ್ಲಾಂ 297. ಮಠಗಳ ಊರಿನಲ್ಲಿ, ಬಸದಿಗಳ ಜಿಲ್ಲೆಯಲ್ಲಿ ಇದು ಸರಿಯಲ್ಲ. ರಂಗನಾಥನ್ ತಮ್ಮ ಕೋಲನ್ ಪದ್ಧತಿಯಲ್ಲಿ ಜೈನ, ಬೌದ್ಧ, ಕ್ರೈಸ್ತ, ಇಸ್ಲಾಂ ಧರ್ಮಗಳಿಗೆ ಒಂದೊಂದು ಅಂಕಿ ಕೊಟ್ಟರು. ನಮ್ಮ ಕಪಾಟಿನ ನಂಬರುಗಳನ್ನು ನಾನೊಬ್ಬಳೇ ಬದಲಿಸಲು ಆಗುವುದಿಲ್ಲ. ಆದರೆ ಜಾಗ ಕೊಡಬಹುದು. 290ರ ಪುಸ್ತಕಗಳಿಗೆ ಈಗ ಕಿಟಕಿಯ ಬಳಿಯ ಒಳ್ಳೆಯ ಕಪಾಟು ಇದೆ. ಭೂತಾರಾಧನೆಯ ಬಗ್ಗೆ ಕೇಳಿಕೊಂಡು ಬರುವ ಹುಡುಗನನ್ನು ಬೈಬಲ್ ಕೇಳುವವನಷ್ಟೇ ಪ್ರೀತಿಯಿಂದ ಕರೆದುಕೊಂಡು ಹೋಗುತ್ತೇನೆ. ಯಾರು ಏನು ಓದಿದರು ಎಂದು ಇನ್ನೊಬ್ಬರಿಗೆ ಹೇಳುವುದಿಲ್ಲ. ನಿನ್ನಂತೆಯೇ ನಿನ್ನ ನೆರೆಯವರನ್ನು ಪ್ರೀತಿಸು ಎಂಬ ಮಾತಿಗೆ ಲೈಬ್ರರಿಯಲ್ಲಿ ಇದೇ ಅರ್ಥ ಎಂದು ನಂಬಿದ್ದೇನೆ.

ಒಂಟಿತನವೂ ಹೋಯಿತು. ಅದು ತಾನಾಗಿ ಹೋಗಲಿಲ್ಲ. ಮಂಗಳೂರು, ಉಡುಪಿ, ಕುಂದಾಪುರ ಕಡೆಯ ಲೈಬ್ರರಿಯನ್ನರನ್ನು ಕಾರ್ಯಾಗಾರಗಳಲ್ಲಿ ಪರಿಚಯ ಮಾಡಿಕೊಂಡೆ. ಲೈಬ್ರರಿ ನಡೆಸಲು ಬಳಸುವ ಕೋಹಾ ಸಾಫ್ಟ್‌ವೇರ್ ಕೈಕೊಟ್ಟಾಗ ಒಬ್ಬರು ರಾತ್ರಿ ಫೋನಿನಲ್ಲೇ ಕೂತು ಸರಿ ಮಾಡಿಸಿದರು. ಆನ್‌ಲೈನಿನಲ್ಲಿ ಸಿಗದ ಹಳೆಯ ಪುಸ್ತಕ ಬೇಕಾದರೆ ಇನ್ನೊಬ್ಬರು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಟ್ಟು ಕಳಿಸುತ್ತಾರೆ. ನಾನು ಉಡುಪಿ ಸ್ಟ್ಯಾಂಡಿನಲ್ಲಿ ಕಾದು ತೆಗೆದುಕೊಳ್ಳುತ್ತೇನೆ. ಅಮೆರಿಕದಲ್ಲಿ 1957ರಿಂದ ಕ್ರೈಸ್ತ ಗ್ರಂಥಪಾಲಕರದ್ದೇ ಒಂದು ಸಂಘ ಇದೆ. ನಮ್ಮ ಬಳಗದಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ನನ್ನ ಪಾಲಿಗೆ ದೇವರು ಕೊಟ್ಟ ಬಳಗ ಇದೇ.

ಇನ್ನು ನಮ್ಮ ಇಗರ್ಜಿ, ಅಂದರೆ ಚರ್ಚು. ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರರ ಮನೆಯ ಅಟ್ಟದಲ್ಲಿ 'ರಾಕ್ಣೊ' ವಾರಪತ್ರಿಕೆಯ ಹಳೆಯ ಕಟ್ಟುಗಳಿದ್ದವು. 1938ರಿಂದ ಬರುತ್ತಿರುವ ಕೊಂಕಣಿ ಪತ್ರಿಕೆ ಅದು. ಗುಜರಿಗೆ ಹಾಕುವುದಾ ಎಂದು ಮನೆಯವರು ನನ್ನನ್ನು ಕೇಳಿದರು. ಬೇಡ ಎಂದೆ. ಈಗ ಯುವಜನ ಸಂಘದ ಮಕ್ಕಳು ಭಾನುವಾರ ಪೂಜೆ ಮುಗಿದ ಮೇಲೆ ಬಂದು ಧೂಳು ಒರೆಸಿ, ವರ್ಷವಾರು ಜೋಡಿಸಿ, ಸ್ಕ್ಯಾನ್ ಮಾಡುತ್ತಾರೆ. ವಯಸ್ಸಾದವರು ಬಂದು ತಮ್ಮ ಮದುವೆಯ ಕಾಲದ ಸಂಚಿಕೆ ಹುಡುಕಿಸಿಕೊಂಡು ಓದುತ್ತಾರೆ.

ನಮ್ಮ ಕಾಲೇಜಿನಲ್ಲಿ ಈಗ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಎಂಎಲ್‌ಐಎಸ್ಸಿಗೆ ಬಿಎ, ಬಿಕಾಂ, ಬಿಎಸ್ಸಿ ಯಾವುದಾದರೂ ಆಗುತ್ತದೆ. ಕೊಣಾಜೆಯಲ್ಲಿ ವಿಭಾಗ ಇದೆ. ಕಾಲೇಜು ಲೈಬ್ರರಿಯ ಕೆಲಸ ಬೇಕಾದರೆ ಮುಂದೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆಯಬೇಕು. ಆಸಕ್ತಿ ಇದ್ದವರು ಹಳೆಯ ವಿದ್ಯಾರ್ಥಿ ಸಂಘದಲ್ಲಿ ನನ್ನ ಫೋನ್ ನಂಬರ್ ಕೇಳಿ ಪಡೆಯಿರಿ. ಸಂಜೆ ಐದರ ಮೇಲೆ ಯಾವಾಗ ಬೇಕಾದರೂ ಮಾತಾಡುತ್ತೇನೆ.